ಹೊಲಕ್ಕೆ ಬೇಕಿರುವುದು ಬಂದೂಕಲ್ಲ

ಹಂದಿ, ಕರಡಿ ಕಾಟವಿರುವ ರೈತರಿಗೆಲ್ಲ ಬಂದೂಕು ಪರವಾನಗಿ ಸಲೀಸಾಗಿ ಸಿಗಬೇಕು ಎಂಬ ಲೇಖನ ಓದಿ ಸುಮ್ಮನಿರಲಾಗಲಿಲ್ಲ. ಲೇಖಕರು ಒಮ್ಮೆ ಅರಸೀಕೆರೆ ಸುತ್ತಿನ ಹೊಲಗಳಿಗೆ ರಾತ್ರಿ ಹೊತ್ತು ಬರಲಿ. ತ್ರೀ ಫೇಸ್ ಕರೆಂಟ್ ಸರಿರಾತ್ರಿಗೆ ಬಂದರೆ ರೈತ ಆಗಲೇ ಎದ್ದು ಮೋಟಾರು ಹಾಕಲು ಹೋಗಬೇಕು. ಆಳೆತ್ತರದ ಮೆಕ್ಕೆಜೋಳದೊಳಗೆ ಬಗ್ಗಿ ನೀರು ತಿರುವುವವನು ಪಕ್ಕದ ಹೊಲದವನ ಕಣ್ಣಿಗೆ ಬೀಳುವುದಿಲ್ಲ. ಗರಿ ಅಲುಗಿದ ಸದ್ದಷ್ಟೇ ಕೇಳುತ್ತದೆ. ಆ ಸದ್ದಿಗೆ ಗುಂಡು ಹಾರಿಸಿದರೆ ಬೀಳುವುದು ಹಂದಿಯೇ ಎಂದು ಯಾರು ಹೇಳಬಲ್ಲರು?

ಕಾನೂನು ರೈತನನ್ನು ಮರೆತಿದೆ ಎಂಬ ಮಾತೂ ಸರಿಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲೇ ಬೆಳೆ ರಕ್ಷಣೆಗೆ ಮದ್ದು ತುಂಬುವ ಕೋವಿಗೆ ಅವಕಾಶವಿದೆ. ಪರವಾನಗಿ ಕೊಡುವ ಮುನ್ನ ಪೊಲೀಸ್ ವರದಿ ಕೇಳುವುದು ಕಿರುಕುಳವಲ್ಲ. ಚುನಾವಣೆ ಬಂದಾಗ ಪರವಾನಗಿ ಇರುವ ಬಂದೂಕುಗಳನ್ನೂ ಠಾಣೆಯಲ್ಲಿಡಿಸುತ್ತಾರಲ್ಲ, ಯಾಕೆ? ಜಗಳ ಗುಂಡಿನವರೆಗೆ ಹೋಗದಿರಲೆಂದು. ಬದುವಿನ ಜಗಳ, ದಾಯಾದಿ ಮತ್ಸರ ಮತ ಎಣಿಕೆಯೊಂದಿಗೆ ಮುಗಿಯುತ್ತವೆಯೇ? ಇವತ್ತು ಬೈದಾಟದಲ್ಲಿ ತೀರುವ ವ್ಯಾಜ್ಯ, ಅಟ್ಟದ ಮೇಲೆ ಕೋವಿಯಿದ್ದರೆ ಹೆಣ ಬೀಳಿಸುತ್ತದೆ.

ಇನ್ನು ಕರಡಿ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಅದಕ್ಕೆಂದೇ ಧಾಮವಿದೆ. ಬೆಳೆ ತಿಂದಿತೆಂದು ಗುಂಡಿಟ್ಟರೆ ಜೈಲು ಕಾಣುವವನು ರೈತನೇ, ಲೇಖಕರಲ್ಲ.

ಸರ್ಕಾರವನ್ನು ಕೇಳುವುದಿದ್ದರೆ ಹಗಲು ಹೊತ್ತಿನ ತ್ರೀ ಫೇಸ್ ಕರೆಂಟ್ ಕೇಳೋಣ. ಸೋಲಾರ್ ಬೇಲಿಗೆ ಸಹಾಯಧನ, ಹಾಳಾದ ಬೆಳೆಗೆ ಅದೇ ಹಂಗಾಮಿನಲ್ಲಿ ಪರಿಹಾರ ಕೇಳೋಣ.