ದುಡ್ಡು ಬಿತ್ತಾ? ತಾರೀಖಿಲ್ಲದ ಭಾಗ್ಯಕ್ಕೆ ಒಂದು ತಕರಾರು

ಸುದ್ದಿಗೆ ಅಂತ ಯಾವ ಊರಿಗೆ ಬೈಕ್ ನಿಲ್ಲಿಸಿದರೂ ಹೆಂಗಸರು ಮೊದಲು ಕೇಳೋದು ಒಂದೇ ಮಾತು. "ಏನಪ್ಪಾ ಪೇಪರ್‌ನೋನೇ, ದುಡ್ಡು ಯಾವಾಗ ಬೀಳುತ್ತೆ?"

ಬೀಳುತ್ತೆ ಅಂತಾರೆ, ಗಮನಿಸಿ. ನಮ್ಮ ಬಯಲುಸೀಮೆಯಲ್ಲಿ ಮಳೆಗೂ ಅದೇ ಮಾತು. ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಮಳೆಯನ್ನು ಯಾರೂ ಪ್ರಶ್ನೆ ಮಾಡೋಕಾಗಲ್ಲ. ಆದರೆ ಗೃಹಲಕ್ಷ್ಮಿ ಆಕಾಶದಿಂದ ಬರೋದಲ್ಲ, ಖಜಾನೆಯಿಂದ ಬರೋದು.

2023 ರ ಆಗಸ್ಟ್ 30 ರಂದು ಮೈಸೂರಿನಲ್ಲಿ ಈ ಯೋಜನೆಗೆ ಚಾಲನೆ ಕೊಟ್ಟಾಗ ಹೇಳಿದ್ದು ತಿಂಗಳಿಗೆ 2,000 ರೂಪಾಯಿ ಅಂತ. ತಿಂಗಳಿಗೆ! ಈಗ ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಬರುತ್ತೆ. 2025 ರ ಫೆಬ್ರವರಿ, ಮಾರ್ಚ್ ಕಂತು ಬಂದೇ ಇಲ್ಲ ಅನ್ನೋದನ್ನು ಅದೇ ವರ್ಷ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಇಲಾಖೆಯ ಸಚಿವರೇ ಒಪ್ಪಿಕೊಳ್ಳಬೇಕಾಯಿತು.

ಅದೇ 2025 ರ ಮಾರ್ಚ್‌ನಲ್ಲಿ ವಿಧಾನಸಭೆ ಇನ್ನೊಂದು ಕೆಲಸ ಮಾಡಿತು. ಶಾಸಕರ ಸಂಬಳ 40,000 ದಿಂದ 80,000 ಆಯಿತು. ಗದ್ದಲದ ನಡುವೆ, ಚರ್ಚೆ ಇಲ್ಲದೆ ಪಾಸು. ಅದಕ್ಕೆ ಯಾವ ಸರ್ವರ್ ಡೌನ್ ಆಗಲಿಲ್ಲ, ಯಾರ ಇ-ಕೆವೈಸಿಯೂ ಬಾಕಿ ಇರಲಿಲ್ಲ.

ಇನ್ನು ಅರಳಿಕಟ್ಟೆ ಪಂಡಿತರು. "ಬಿಟ್ಟಿ ದುಡ್ಡು, ಜನ ಸೋಮಾರಿಗಳಾದ್ರು, ಕೂಲಿಗೆ ಆಳು ಸಿಗ್ತಿಲ್ಲ." ಸ್ವಾಮಿ, 2,000 ವನ್ನು 30 ರಿಂದ ಭಾಗಿಸಿ. ದಿನಕ್ಕೆ 66 ರೂಪಾಯಿ ಚಿಲ್ಲರೆ. ಇಷ್ಟಕ್ಕೆ ಕೂಲಿ ಬಿಟ್ಟು ಮನೇಲಿ ಕೂರೋ ಹೆಂಗಸನ್ನು ನನಗೆ ತೋರಿಸಿ, ನಾನೇ ಬಂದು ಸುದ್ದಿ ಮಾಡ್ತೀನಿ. ಅವಳೂ ಸೋಪಿನ ಮೇಲೆ ತೆರಿಗೆ ಕಟ್ಟುತ್ತಾಳೆ. ಬಿಟ್ಟಿ ಯಾವುದು ಇಲ್ಲಿ?

ತಡವಾದರೆ ಏನಾಗುತ್ತೆ ಅಂತ ನೋಡಬೇಕಾದರೆ ಕಿರಾಣಿ ಅಂಗಡಿಯ ಸಾಲದ ಪುಸ್ತಕ ನೋಡಿ. "ಗೃಹಲಕ್ಷ್ಮಿ ಬಿದ್ಮೇಲೆ ಕೊಡ್ತೀನಿ" ಅಂದರೆ ಮೊದಲು ಅಂಗಡಿಯವರು ಬೇಳೆ, ಎಣ್ಣೆ ಕೊಡ್ತಿದ್ದರು. ನಮ್ಮೂರ ಅಂಗಡಿಯಲ್ಲಿ ಈಗ ಆ ಮಾತು ನಡೆಯಲ್ಲ. ಸಂಘದ ಸಾಲದವರು ಮಾತ್ರ ಮಂಗಳವಾರ ಅಂದರೆ ಮಂಗಳವಾರವೇ ಬಂದು ಮನೆ ಮುಂದೆ ಕೂರುತ್ತಾರೆ. ಕೊಡಬೇಕಾದ ದುಡ್ಡಿಗೆ ವಾರ, ತಾರೀಖು, ಗಂಟೆ ಎಲ್ಲ ಇದೆ. ಬರಬೇಕಾದ ದುಡ್ಡಿಗೆ ಏನೂ ಇಲ್ಲ. ನನಗೂ ಇದು ಗೊತ್ತಿರೋ ನೋವೇ. ಸುದ್ದಿ ಲೆಕ್ಕದಲ್ಲಿ ದುಡಿಯೋ ನನ್ನ ದುಡ್ಡಿಗೂ ತಾರೀಖಿಲ್ಲ.

ರಾಜ್ಯ ಸರ್ಕಾರ ಒಂದನ್ನೇ ಬೈದು ಮುಗಿಸೋ ಹಾಗೂ ಇಲ್ಲ. ಬಡ ವೃದ್ಧರ ಪಿಂಚಣಿಗೆ ಕೇಂದ್ರ ಕೊಡೋ ಪಾಲು 80 ವರ್ಷದ ಒಳಗಿನವರಿಗೆ ತಿಂಗಳಿಗೆ 200 ರೂಪಾಯಿ. 2007 ರಲ್ಲೂ 200, ಈಗಲೂ 200. ಆಗಿನ ಗ್ಯಾಸ್ ಸಿಲಿಂಡರ್ ದರ ನಿಮ್ಮ ಅಜ್ಜಿಯನ್ನೇ ಕೇಳಿ.

"ಜಾಸ್ತಿ ಕೇಳಬೇಡ ಮಗಾ, ಇರೋದನ್ನೂ ಕಿತ್ಕೊಂಡಾರು" ಅಂತ ಒಬ್ಬ ಅಜ್ಜಿ ನನ್ನ ಕೈ ಹಿಡಿದು ಹೇಳಿದಳು. ನನಗೆ ಸಿಟ್ಟು ಬಂದಿದ್ದು ಅಲ್ಲಿ. ಹಕ್ಕಿನ ದುಡ್ಡನ್ನು ಭಿಕ್ಷೆ ಅಂತ ನಂಬಿಸಿಬಿಟ್ಟಿದ್ದಾರೆ. ತಾರೀಖು ಇಲ್ಲದ ದುಡ್ಡು ಭಿಕ್ಷೆಯೇ. ಕೊಡೋನಿಗೆ ಮನಸ್ಸು ಬಂದಾಗ ಕೊಡ್ತಾನೆ, ಈಸ್ಕೊಳ್ಳೋನು ಕೈಮುಗಿದು ಕಾಯ್ತಾನೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಒಂದು, ಪ್ರತಿ ತಿಂಗಳು ಗೊತ್ತಾದ ತಾರೀಖು. ಎರಡು, ಯಾರ ದುಡ್ಡು ನಿಂತಿದೆ, ಯಾಕೆ ನಿಂತಿದೆ ಅನ್ನೋದು ಆಯಾ ಮನೆಗೆ ಬರಹದಲ್ಲಿ ಬರಬೇಕು. ಮೂರು, ತಡವಾದರೆ ಪರಿಹಾರ. ಸಕಾಲ ಕಾಯ್ದೆಯಲ್ಲಿ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರನಿಗೆ ಕೊಡೋ ನಿಯಮ ಇದೆ. ಜಾತಿ ಪ್ರಮಾಣಪತ್ರಕ್ಕೆ ಇರೋ ಗಡುವು ಅನ್ನದ ದುಡ್ಡಿಗೆ ಯಾಕಿಲ್ಲ?

ಅಲ್ಲಿಯವರೆಗೆ ಸುಮ್ಮನೆ ಕೂರಬೇಡಿ. ಬ್ಯಾಂಕಿಗೆ ಹೋಗಿ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಕೇಳಿ. ಬೇರೆ ಖಾತೆಗೆ ಜೋಡಣೆಯಾಗಿದ್ದರೆ ದುಡ್ಡು ಅಲ್ಲಿಗೆ ಹೋಗಿರುತ್ತೆ. ಗೃಹಲಕ್ಷ್ಮಿಯಾದರೆ ತಾಲ್ಲೂಕಿನ ಸಿಡಿಪಿಒ ಕಚೇರಿಗೆ, ಪಿಂಚಣಿಯಾದರೆ ನಾಡಕಚೇರಿಗೆ ಅರ್ಜಿ ಕೊಡಿ. ಬಾಯಿಮಾತಲ್ಲಿ ಬೇಡ, ಬರೆದು ಕೊಡಿ. ಸೀಲು ಹಾಕಿದ ಸ್ವೀಕೃತಿ ಇಲ್ಲದೆ ಆಚೆ ಬರಬೇಡಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ.

ಮುಂದಿನ ಸಲ "ದುಡ್ಡು ಬಿತ್ತಾ" ಅಂತ ನನ್ನನ್ನು ಕೇಳಬೇಡಿ ಅಕ್ಕಂದಿರೇ. ವೋಟು ಕೇಳೋಕೆ ಬರ್ತಾರಲ್ಲ, ಅವರನ್ನು ಕೇಳಿ: "ತಾರೀಖು ಎಷ್ಟು?"