ಅಕ್ಕಿ ಡಬ್ಬ ತುಂಬಿದ್ದರೆ ಸಾಕೇ?

ಎರಡು ವರ್ಷದ ಮಗುವಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ ಎಂದು ಅಂಗನವಾಡಿ ಟೀಚರ್ ಹೇಳಿದರೆ ನಮ್ಮ ಮನೆಗಳಲ್ಲಿ ಬರುವ ಉತ್ತರ, 'ಅವನ ಅಪ್ಪನೂ ಸಣ್ಣದಿರುವಾಗ ಹೀಗೇ ಇದ್ದ, ಮತ್ತೆ ಸರಿಯಾಗ್ತಾನೆ.' ಎಲ್ಲ ಮಕ್ಕಳೂ ಹಾಗೆ ಸರಿಯಾಗುವುದಿಲ್ಲ. ಮೊದಲ ಎರಡು ವರ್ಷದಲ್ಲಿ ತಪ್ಪಿದ ಬೆಳವಣಿಗೆಯನ್ನು ಆಮೇಲೆ ತುಂಬುವುದು ಬಹಳ ಕಷ್ಟ. ಅದು ಎತ್ತರದ ಪ್ರಶ್ನೆ ಮಾತ್ರವಲ್ಲ. ರೋಗ ತಡೆಯುವ ಶಕ್ತಿ, ಕಲಿಕೆ ಎಲ್ಲದಕ್ಕೂ ಪೆಟ್ಟು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35.4 ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ. 2015-16ರಲ್ಲಿ ಇದು ಶೇ. 36.2 ಇತ್ತು. ಇಳಿದದ್ದು ಶೇ. 1 ಕೂಡಾ ಇಲ್ಲ.

ಬಡತನ ಇದಕ್ಕೆ ದೊಡ್ಡ ಕಾರಣ. ದೇಶದ ಅತಿ ಬಡ ಕುಟುಂಬಗಳಲ್ಲಿ ಕುಂಠಿತ ಮಕ್ಕಳು ಶೇ. 46. ಆದರೆ ಅತಿ ಶ್ರೀಮಂತ ಕುಟುಂಬಗಳಲ್ಲೂ ಶೇ. 23 ಮಕ್ಕಳು ಹೀಗಿದ್ದಾರೆ. ಅಂದರೆ ದುಡ್ಡಿದ್ದ ಮನೆಯಲ್ಲೂ ಏನೋ ತಪ್ಪುತ್ತಿದೆ.

ರೇಷನ್ ಅಕ್ಕಿಯಿಂದ ಹೊಟ್ಟೆ ತುಂಬುತ್ತದೆ. ಮೊಟ್ಟೆ, ಮೀನು, ಸೊಪ್ಪು ಅದರಲ್ಲಿ ಬರುವುದಿಲ್ಲ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಂತಾಗ ಬಂದರಿನ ಕೆಲಸ ನಂಬಿದವರ ಕೈಯಲ್ಲಿ ದುಡ್ಡಿಲ್ಲ, ಮಾರ್ಕೆಟಿನಲ್ಲಿ ಮೀನಿಗೆ ರೇಟು. ಆಗ ಬಟ್ಟಲಲ್ಲಿ ಉಳಿಯುವುದು ಗಂಜಿ ಮಾತ್ರ.

ಇನ್ನೊಂದು ಕಡೆ, ದುಡ್ಡಿದ್ದರೂ ಮಗುವಿನ ಕೈಗೆ ಬಿಸ್ಕತ್ತು ಕೊಟ್ಟು ಸುಮ್ಮನಾಗುವುದುಂಟು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕು. ನಂತರ ಎದೆಹಾಲಿನ ಜೊತೆಗೆ ಗಟ್ಟಿ ಆಹಾರ ಬೇಕು. ಗಂಜಿ ತಿಳಿ ಸಾಲದು. ಅನ್ನಕ್ಕೆ ಹೆಸರುಬೇಳೆ, ಬಸಳೆ ಅಥವಾ ನುಗ್ಗೆಸೊಪ್ಪು ಮಸೆದು, ಮುಳ್ಳು ತೆಗೆದ ಬೂತಾಯಿ ಸೇರಿಸಿ ಕೊಡಬಹುದು. ಭೇದಿಯಾದಾಗ ಊಟ ನಿಲ್ಲಿಸುವ ಅಭ್ಯಾಸವನ್ನೂ ಬಿಡಬೇಕು.

ಇಷ್ಟು ಹೇಳಿ ತಪ್ಪನ್ನೆಲ್ಲ ಉಮ್ಮನ ತಲೆಗೆ ಕಟ್ಟುವುದು ಅನ್ಯಾಯ. ಬೀಡಿ ಕಟ್ಟುತ್ತಾ, ಅಡುಗೆ ಮಾಡುತ್ತಾ ಮಗುವಿಗೆ ಅರ್ಧ ಗಂಟೆ ಕೂತು ಉಣಿಸುವುದು ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ತಂದೆ, ಅಜ್ಜಿ, ಅಜ್ಜ ಎಲ್ಲರ ಪಾಲು ಬೇಕು.

ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೇ ಆಹಾರ ಸಿಗುತ್ತದೆ. ಹೆಸರು ಬರೆಸೋಣ, ತೂಕದ ಜೊತೆ ಎತ್ತರವನ್ನೂ ಅಳೆಸಿ ತಾಯಿ ಕಾರ್ಡ್‌ನಲ್ಲಿ ಗುರುತು ಮಾಡಿಸೋಣ. ಗಲ್ಫ್‌ನಲ್ಲಿರುವ ತಂದೆಯಂದಿರು ಫೋನಿನಲ್ಲಿ 'ಮಗು ಊಟ ಮಾಡಿತಾ' ಅಂತ ಕೇಳಿ ಬಿಡದೆ, 'ಇವತ್ತು ಏನು ತಿಂದಿತು' ಅಂತಲೂ ಕೇಳಲಿ.