ಊದಿದ ಕಾಲಿಗೆ ಬಿಗಿಪಟ್ಟಿ ಸುತ್ತುವ ಮುನ್ನ



ಹಲಸಿನ ಹಪ್ಪಳದ ಅಳತೆ ಕೇಳಿ ಬರೆದವರು ಈ ಸಲ ಸ್ವಲ್ಪ ತಾಳಬೇಕು. ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ನಿಮಗೆ ಹೇಳುವುದಿದೆ.

ನಮ್ಮ ಮನೆ ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ತೋಟದ ನಡುವೆ. ಎರಡನೇ ಹೆರಿಗೆಯ ನಂತರ ನನ್ನ ಕಾಲಿನ ನೀಲಿ ನರಗಳು ಗಂಟುಗಂಟಾಗಿ ಉಬ್ಬಿದ್ದವು. ಡಾಕ್ಟರು ಬಿಗಿಯಾದ ಕಾಲುಚೀಲ ಹಾಕಿಕೊಳ್ಳಲು ಹೇಳಿದರು. ಹಾಕಿದೆ, ಸಂಜೆಯ ಊತ ಇಳಿಯಿತು. ಆ ಧೈರ್ಯದ ಮೇಲೆ, ಕಳೆದ ಕಾಫಿ ಕೊಯ್ಲಿನಲ್ಲಿ ನಮ್ಮ ಮಾವನವರ ಪಾದ ಊದಿದಾಗ ಯಾರನ್ನೂ ಕೇಳದೆ ಕ್ರೇಪ್ ಬ್ಯಾಂಡೇಜನ್ನು ಮೊಣಕಾಲಿನವರೆಗೆ ಬಿಗಿದು ಸುತ್ತಿಬಿಟ್ಟೆ. ನಡುರಾತ್ರಿ "ಬಿಚ್ಚು ಮಾರಾಯ್ತಿ, ಕಾಲು ಸತ್ತೇ ಹೋಗ್ತಿದೆ" ಅಂತ ಕೂಗಿದರು. ಬಿಚ್ಚಿದರೆ ಬೆರಳುಗಳು ನೀಲಿಗಟ್ಟಿವೆ, ಕಣಕಾಲಿನ ಎಲುಬಿನ ಮೇಲೆ ಬೊಬ್ಬೆ!

ಬೆಳಗಾಗುತ್ತಲೇ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಪಾದದ ಮೇಲೆ ನಾಡಿ ಹುಡುಕಿದರು, ಸಿಗಲಿಲ್ಲ. ಆಮೇಲೆ ತೋಳಿಗೆ ಕಟ್ಟುವ ಬಿ.ಪಿ. ಪಟ್ಟಿಯನ್ನೇ ಕಣಕಾಲಿಗೂ ಕಟ್ಟಿ, ಡಾಪ್ಲರ್ ಎಂಬ ಪುಟ್ಟ ಯಂತ್ರದಿಂದ ರಕ್ತದ ಸದ್ದು ಕೇಳುತ್ತ ಅಳೆದರು. ತೋಳಿನಲ್ಲಿ 140, ಕಾಲಿನಲ್ಲಿ ಬರೀ 70. ಕಾಲಿನದನ್ನು ತೋಳಿನದರಿಂದ ಭಾಗಿಸಿದರೆ 0.5. ಆರೋಗ್ಯವಂತರಲ್ಲಿ ಇದು 1 ಅಥವಾ ತುಸು ಹೆಚ್ಚೇ ಇರುತ್ತದಂತೆ. 0.9ಕ್ಕೆ ಇಳಿದರೆ ಕಾಲಿಗೆ ರಕ್ತ ತರುವ ಅಪಧಮನಿ ಕಿರಿದಾಗಿದೆ ಎಂದರ್ಥ. 0.6ಕ್ಕಿಂತ ಕೆಳಗಾದರೆ ಬಿಗಿ ಕಟ್ಟು ಕೂಡದೇ ಕೂಡದು. ನಡುವಿನವರಿಗೆ ಡಾಕ್ಟರೇ ನೋಡಿ ಹಗುರವಾದದ್ದನ್ನು ಕೊಡುವುದುಂಟು. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಡುಸಾಗಿ ಲೆಕ್ಕ ಸುಳ್ಳುಸುಳ್ಳೇ ಚೆನ್ನಾಗಿ ಬರಬಹುದು. ಅಂಥವರಿಗೆ ಹೆಬ್ಬೆರಳಿನಲ್ಲೂ ಅಳೆಯಬೇಕು.

ನನ್ನ ತೊಂದರೆ ರಕ್ತ ಮೇಲಕ್ಕೆ ವಾಪಸು ಹೋಗುವ ದಾರಿಯದು, ಒತ್ತಿದರೆ ಅನುಕೂಲ. ಮಾವನವರದು ರಕ್ತ ಇಳಿದು ಬರುವ ದಾರಿಯದು. ಮಾರ್ಚಿಯಲ್ಲಿ ಕಾಫಿ ಹೂವಿಗೆ ನೀರು ಹಾರಿಸುವಾಗ ಪಂಪಿನ ಒತ್ತಡ ಸಾಲದೆ ಕೊನೆಯ ಜೆಟ್ಟು ತಿರುಗುವುದೇ ಇಲ್ಲ, ನೋಡಿದ್ದೀರಲ್ಲ? ಅಂಥ ಪೈಪಿನ ಮೇಲೆ ಕಲ್ಲು ಹೇರಿದ ಹಾಗಾಯಿತು ನನ್ನ ಉಪಚಾರ.

ಹಾಗಾದರೆ ಪಾದ ಊದಿದ್ದೇಕೆ? ಮಲಗಿದರೆ ಉರಿಯುತ್ತದೆಂದು ಅವರು ಒಂದು ತಿಂಗಳಿಂದ ಕುರ್ಚಿಯಲ್ಲೇ ಕಾಲು ಇಳಿಬಿಟ್ಟು ನಿದ್ದೆ ಮಾಡುತ್ತಿದ್ದರು. ಇಳಿಬಿಟ್ಟರೆ ರಕ್ತ ಇಳಿದು ನೋವು ತಗ್ಗುತ್ತದೆ, ಜೊತೆಗೆ ನೀರು ತುಂಬಿ ಊದುತ್ತದೆ. ಅದಕ್ಕೂ ಮೊದಲೇ ಕಣದಿಂದ ಮನೆಯ ಏರು ಹತ್ತುವಾಗ ಮೀನಖಂಡ ಹಿಡಿದು ನಿಂತುಬಿಡುತ್ತಿದ್ದರು. ಎರಡು ನಿಮಿಷಕ್ಕೆ ಸರಿಹೋಗುತ್ತಿತ್ತು. ವಯಸ್ಸಾಯಿತು ಅಂದುಕೊಂಡೆವು. ಪಾದ ಸದಾ ತಣ್ಣಗೆ, ಕಾಲಿನ ರೋಮವೆಲ್ಲ ಉದುರಿತ್ತು. 40 ವರ್ಷದ ಬೀಡಿ ಬೇರೆ. ದಿನವೂ ಆ ಕಾಲು ನೋಡುತ್ತಿದ್ದ ನನಗೆ ಏಕೆ ತೋಚಲಿಲ್ಲವೋ!

ನಿಮ್ಮ ಮನೆಯಲ್ಲೂ ಇಂಥ ಲಕ್ಷಣವಿದ್ದರೆ ಬಿಗಿಪಟ್ಟಿಗೆ ಮುಂಚೆ ಆ ಕಾಲಿನ ಬಿ.ಪಿ. ಅಳೆಸಿ. ಮಳೆಗಾಲದಲ್ಲಿ ಇಂಬಳಕ್ಕೆಂದು ಕಾಲುಚೀಲದ ಬಾಯಿಗೆ ರಬ್ಬರು ಬಿಗಿಯುವುದೂ ಅವರಿಗೆ ಬೇಡ. ತಣ್ಣಗಿದೆಯೆಂದು ಬಚ್ಚಲೊಲೆಯ ಬೆಂಕಿಗೆ ಪಾದ ಒಡ್ಡುವುದೂ ಬೇಡ, ಸುಟ್ಟರೆ ಗೊತ್ತಾಗುವುದಿಲ್ಲ, ಗಾಯ ಮಾಯುವುದಿಲ್ಲ.

ಮಂಗಳೂರಿನಲ್ಲಿ ಬಲೂನು ಹಾಕಿ ನಾಳ ಬಿಡಿಸಿದರು. ಬೊಬ್ಬೆಯ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಈಗ ದಿನಾ ಅರ್ಧ ಗಂಟೆ ನಡೆಯಬೇಕೆಂದು ಅಪ್ಪಣೆ: ನೋವು ಬರುವವರೆಗೆ ನಡೆ, ನಿಲ್ಲು, ಮತ್ತೆ ನಡೆ. ಗೇಟಿನವರೆಗೆ ಹೋಗಿ ಬರುತ್ತಾರೆ. ಬೀಡಿ ಬಿಟ್ಟಿದ್ದಾರೆ, ಆದರೂ ಮೊನ್ನೆ ಅಂಗಿ ಒಗೆಯುವಾಗ ಜೇಬಿನಲ್ಲಿ ಬೆಂಕಿಪೆಟ್ಟಿಗೆ ಸಿಕ್ಕಿತು. ಕೇಳಿದ್ದಕ್ಕೆ "ದೇವರ ದೀಪಕ್ಕೆ" ಅಂದರು.